ಮೂಲೆ ಅಂಗಡಿಯ ಅಳತೆ: ಕೆಡವಿದ ಕಟ್ಟಡವೊಂದನ್ನು ಓದುವ ಪಾಠ

ಇಂಗ್ಲಿಷಿನ ನಾಸ್ಟಾಲ್ಜಿಯಾಗೆ ಕನ್ನಡದಲ್ಲಿ ಹಳಹಳಿಕೆ ಅನ್ನೋ ಒಳ್ಳೆ ಪದ ಇದೆ. ಬೀದಿಯಲ್ಲಿದ್ದ ಹಳೇ ಅಂಗಡಿ ಕೆಡವಿದಾಗ ನಮಗೆಲ್ಲ ಆಗೋದು ಅದೇ. ಒಂದು ಫೋಟೋ ಸ್ಟೇಟಸ್‌ಗೆ ಹಾಕ್ತೀವಿ, ನಾಲ್ಕು ಜನ ಅಳುವ ಇಮೋಜಿ ಕಳಿಸ್ತಾರೆ, ವಾರದಲ್ಲಿ ಮರೆತುಹೋಗುತ್ತೆ. ಆ ಫೋಟೋದಲ್ಲಿ ಸಿಗೋದು ಕಟ್ಟಡದ ಮುಂಭಾಗ ಮಾತ್ರ. ಗೋಡೆ ಎಷ್ಟು ದಪ್ಪ ಇತ್ತು, ಮೇಲ್ಚಾವಣಿ ಹೇಗೆ ನಿಂತಿತ್ತು, ಜಗಲಿ ಯಾಕೆ ಅಷ್ಟೇ ಎತ್ತರ ಇತ್ತು, ಇದ್ಯಾವುದೂ ಫೋಟೋಗೆ ಸಿಗಲ್ಲ.

ಸಿವಿಲ್ ಓದುವವರಾಗಿ ನಾವು ಹಳಹಳಿಕೆಗಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು ಅನ್ನೋದು ಈ ಲೇಖನದ ವಾದ. ಕೆಡವುವುದನ್ನು ತಡೆಯೋಕೆ ನಮ್ಮಿಂದ ಆಗದೇ ಇರಬಹುದು. ಆದರೆ ಕೆಡವುವ ಮುಂಚೆ ಅಳತೆ ತೆಗೆಯೋದು ಆಗುತ್ತೆ. ಅದಕ್ಕೆ ಬೇಕಾಗಿರೋದು ಎರಡು ಸಂಜೆ, ಒಂದು ಟೇಪು, ಸ್ವಲ್ಪ ಪ್ರಶ್ನೆ ಕೇಳುವ ಬುದ್ಧಿ. ಮೈಸೂರಿನ ನಮ್ಮ ಬಡಾವಣೆಯ ಮೂಲೆಯಲ್ಲಿದ್ದ ಒಂದು ದಿನಸಿ ಅಂಗಡಿಯನ್ನು ಉದಾಹರಣೆಯಾಗಿ ತಗೊಂಡು ಅದು ಹೇಗೆ ಅಂತ ಹೇಳ್ತೀನಿ. ಊರಿನವರು ಅದನ್ನ ಶೆಟ್ರಂಗಡಿ ಅಂತಲೇ ಕರೀತಿದ್ರು. ಬೋರ್ಡ್ ಇರಲಿಲ್ಲ. ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಮತ್ತು ಇಬ್ಬರು ಗೆಳೆಯರು ಅದರ ಅಳತೆ ತೆಗೆದೆವು. ಹತ್ತು ದಿನದ ನಂತರ ಅದನ್ನ ಕೆಡವಿದರು.

1. ಯಾಕೆ ಚಿಕ್ಕ ಅಂಗಡಿ?

ಮೈಸೂರಿನಲ್ಲಿ ಪಾರಂಪರಿಕ ಕಟ್ಟಡ ಅಂದ ಕೂಡಲೇ ನೆನಪಾಗೋದು ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ. 2012ರಲ್ಲಿ ಲ್ಯಾನ್ಸ್‌ಡೌನ್‌ನ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದಿಕ್ಕಿನ ಭಾಗ ಬಿತ್ತು. ರಿಪೇರಿ ಮಾಡೋದಾ, ಕೆಡವಿ ಕಟ್ಟೋದಾ ಅಂತ ಆ ಎರಡರ ಬಗ್ಗೆಯೂ ಸಮಿತಿಗಳು, ವರದಿಗಳು, ಪತ್ರಿಕೆಗಳಲ್ಲಿ ಚರ್ಚೆ ಎಲ್ಲ ಆಯ್ತು.

ಬೀದಿ ಮೂಲೆಯ ಅಂಗಡಿಗೆ ಅದ್ಯಾವುದೂ ಇಲ್ಲ. ಅದು ಅರಮನೆ ಕಟ್ಟಿಸಿದ್ದಲ್ಲ, ಯಾವ ವೈಸ್‌ರಾಯ್ ಹೆಸರೂ ಅದಕ್ಕಿಲ್ಲ. ಕಾನೂನಿನ ಲೆಕ್ಕದಲ್ಲಿ ಅದಕ್ಕೆ ವಯಸ್ಸೂ ಸಾಲದು: 1958ರ ಕೇಂದ್ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಪ್ರಾಚೀನ ಸ್ಮಾರಕ ಅನ್ನಿಸಿಕೊಳ್ಳೋಕೆ ಕನಿಷ್ಠ 100 ವರ್ಷ ಆಗಿರಬೇಕು. 1950ರ ದಶಕದ ಕಟ್ಟಡಗಳಿಗೆ ಅದು ಬರೋದು 2050ರ ನಂತರ. ಅಲ್ಲಿವರೆಗೆ ಅವು ಉಳಿದಿರಬೇಕಲ್ಲ?

ಹಾಗಂತ ಕೆಡವಿದವರನ್ನು ಬೈಯೋದು ಸುಲಭ, ನ್ಯಾಯ ಅಲ್ಲ. ಅಂಗಡಿ ಪ್ರತಿ ಮಳೆಗಾಲ ಸೋರುತ್ತಿತ್ತು. ಗೋಡೆಯೊಳಗೆ ಕೂತಿದ್ದ ಎರಡು ಜಂತೆಗಳ ತುದಿ ಲಡ್ಡಾಗಿತ್ತು. ಜಾಗ ಮೂರು ಜನ ಅಣ್ಣತಮ್ಮಂದಿರ ಪಾಲಿಗೆ ಬಂದಿತ್ತು. ಅದೇ ಜಾಗದಲ್ಲಿ ಮೂರು ಮಹಡಿ ಕಟ್ಟಿದರೆ ಮೂರೂ ಮನೆಗಳಿಗೆ ದಾರಿ ಆಗುತ್ತೆ. ನಾವು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡ್ತಿದ್ದೆವೇನೋ.

2. ಮೊದಲ ಪಾಠ: ಕರ್ಣ ಅಳೆಯಿರಿ

ಒಳಗಿನ ಅಳತೆ 12 ಅಡಿ ಅಗಲ, 18 ಅಡಿ ಉದ್ದ. ಇಷ್ಟಕ್ಕೆ ನಿಲ್ಲಿಸಿದರೆ ಪ್ಲಾನ್‌ನಲ್ಲಿ ಒಂದು ಚಂದದ ಆಯತ ಬರುತ್ತೆ. ಪೈಥಾಗೊರಸ್ ಪ್ರಕಾರ ಎರಡೂ ಕರ್ಣಗಳು ಸುಮಾರು 21 ಅಡಿ 7.5 ಇಂಚು ಇರಬೇಕು. ನಮಗೆ ಸಿಕ್ಕಿದ್ದು ಒಂದು 21 ಅಡಿ 4 ಇಂಚು, ಇನ್ನೊಂದು 21 ಅಡಿ 11 ಇಂಚು. ಅಂದರೆ ಕೋಣೆ ಸ್ವಲ್ಪ ಓರೆ.

ಮೇಸ್ತ್ರಿ ಕೈ ತಪ್ಪಿರಬಹುದು ಅನ್ನಿಸುತ್ತೆ. ಆದರೆ ಹೊರಗೆ ಬಂದು ನಿಂತು ನೋಡಿದರೆ ಉತ್ತರ ಕಾಣುತ್ತೆ. ಅಡ್ಡರಸ್ತೆ ಮುಖ್ಯರಸ್ತೆಗೆ ಸರಿಯಾಗಿ ಲಂಬವಾಗಿ ಸೇರೋದಿಲ್ಲ. ಕಟ್ಟಿದವನು ಪಕ್ಕದ ಗೋಡೆಯನ್ನ ಅಡ್ಡರಸ್ತೆಗೆ ಸಮಾನಾಂತರವಾಗಿ, ಮುಂಭಾಗವನ್ನ ಮುಖ್ಯರಸ್ತೆಗೆ ಸಮಾನಾಂತರವಾಗಿ ಎಳೆದಿದ್ದಾನೆ. ಎರಡೂ ರಸ್ತೆಯಿಂದ ಬರೋರಿಗೆ ಅಂಗಡಿ ನೇರವಾಗಿ ಕಾಣಲಿ ಅಂತ. ಓರೆ ಇದ್ದದ್ದು ರಸ್ತೆಯಲ್ಲಿ. ಕಟ್ಟಡ ಅದಕ್ಕೆ ಹೊಂದಿಕೊಂಡಿತ್ತು ಅಷ್ಟೇ.

3. ಎರಡನೇ ಪಾಠ: ಗೋಡೆಯನ್ನು ಕೆಳಗಿಂದ ಮೇಲಕ್ಕೆ ಓದಿ

ಜಗಲಿಯ ಎತ್ತರ 18 ಇಂಚು, ಅಗಲ 3 ಅಡಿ. ನೀವು ಈಗ ಕೂತಿರೋ ಕುರ್ಚಿ ಅಳೆದು ನೋಡಿ, ಅದೂ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಜಗಲಿ ಅಂದರೆ ಯಾರೂ ದುಡ್ಡು ಕೊಡಬೇಕಿಲ್ಲದ ಕುರ್ಚಿ. ಪಿಂಚಣಿ ತಗೊಂಡು ಬರುವ ಅಜ್ಜಂದಿರು, ಹೂವಿನ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುವ ಹೆಂಗಸರು, ಸ್ಕೂಲ್ ವ್ಯಾನ್‌ಗೆ ಕಾಯುವ ಮಕ್ಕಳು ಎಲ್ಲರೂ ಅಲ್ಲೇ. ಏನನ್ನೂ ಕೊಳ್ಳದೆ ಕೂರಬಹುದಾದ ಜಾಗ ನಮ್ಮ ಬೀದಿಯಲ್ಲಿ ಈಗ ಒಂದೂ ಇಲ್ಲ. ಹೊಸ ಕಟ್ಟಡದ ಪ್ಲಾನ್‌ನಲ್ಲಿ ಆ ಜಾಗ ಪಾರ್ಕಿಂಗ್ ರ‍್ಯಾಂಪ್ ಆಗಿದೆ.

ಮುಂಭಾಗದಲ್ಲಿ ರೋಲಿಂಗ್ ಶಟರ್ ಇರಲಿಲ್ಲ, ಹಲಗೆ ಬಾಗಿಲು ಇತ್ತು. ಮೇಲೆ ಕೆಳಗೆ ಮರದ ದಾಸಂದಿಯಲ್ಲಿ ಗಾಡಿ ಕೊರೆದು, ಒಂದೊಂದೇ ಹಲಗೆಯನ್ನ ಅದರೊಳಗೆ ಸರಿಸಿ ಜೋಡಿಸೋದು. ಎಂಟು ಅಡಿ ಅಗಲಕ್ಕೆ ಒಂಬತ್ತು ಹಲಗೆ. ಪ್ರತಿಯೊಂದರ ಹಿಂದೆ ಉಳಿಯಿಂದ ಕೆತ್ತಿದ ಕನ್ನಡ ಅಂಕಿ. ಮರ ಒಂದೇ ಥರ ಹಿಗ್ಗಲ್ಲ, ಕುಗ್ಗಲ್ಲ. ಹಾಗಾಗಿ ೪ನೇ ಹಲಗೆ ೫ನೇ ಜಾಗಕ್ಕೆ ಹೋದರೆ ಸಿಕ್ಕಿಹಾಕಿಕೊಳ್ಳುತ್ತೆ. ಅಂಗಡಿ ಪೂರ್ತಿ ತೆಗೆಯೋ ಮುಂಚೆ ಎರಡೇ ಹಲಗೆ ತೆಗೆದು ಒಂದು ಹಾಲಿನ ಪ್ಯಾಕೆಟ್ ಕೊಡಬಹುದಿತ್ತು. ಶಟರ್‌ನಲ್ಲಿ ಅದು ಆಗಲ್ಲ, ಕಾಲುಭಾಗ ಎತ್ತಿ ಬಗ್ಗಿ ಮಾತಾಡಬೇಕು.

ಗೋಡೆ ಗಾರೆ ಬಿಟ್ಟು 13.5 ಇಂಚು, ಅಂದರೆ ಒಂದೂವರೆ ಇಟ್ಟಿಗೆ. ಸಿಮೆಂಟ್ ಅಲ್ಲ, ಸುಣ್ಣ ಮತ್ತು ಸುರ್ಕಿಯ ಗಾರೆ. ಸುರ್ಕಿ ಅಂದರೆ ಇಟ್ಟಿಗೆ ಪುಡಿ. ಆಗ ಸಿಮೆಂಟ್ ಈಗಿನ ಹಾಗೆ ಅಂಗಡಿಗೆ ಹೋಗಿ ತರೋ ಸಾಮಾನಾಗಿರಲಿಲ್ಲ. ಬೆಲೆಗೂ ಹಂಚಿಕೆಗೂ ಸರ್ಕಾರದ ನಿಯಂತ್ರಣ ಇತ್ತು. ಅದು ಸ್ವಲ್ಪ ಸಡಿಲವಾಗಿದ್ದು 1982ರಲ್ಲಿ, ಪೂರ್ತಿ ಹೋಗಿದ್ದು 1989ರಲ್ಲಿ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತೆ, ತೇವವನ್ನ ಒಳಗೆ ಹಿಡಿದಿಡದೆ ಹೊರಗೆ ಬಿಡುತ್ತೆ. ಬೆಲ್ಲ, ರಾಗಿ, ಹುಣಿಸೆಹಣ್ಣು ತುಂಬಿದ್ದ ಅಂಗಡಿಗೆ ಅದು ದೊಡ್ಡ ಉಪಕಾರ.

4. ಮೂರನೇ ಪಾಠ: ತಲೆ ಎತ್ತಿ ನೋಡಿ

ಮೇಲ್ಚಾವಣಿ ಮದ್ರಾಸ್ ತಾರಸಿ. ನಮ್ಮ ಸಿಲಬಸ್‌ನಲ್ಲಿ ಇದಕ್ಕೆ ಅರ್ಧ ಪುಟವೂ ಇಲ್ಲ. ಅದು ಕೆಲಸ ಮಾಡುವ ರೀತಿ ಹೀಗೆ: ಗೋಡೆಯಿಂದ ಗೋಡೆಗೆ ಮರದ ಜಂತೆಗಳನ್ನ ಇಡ್ತಾರೆ. ನಮ್ಮ ಅಂಗಡಿಯಲ್ಲಿ ತೇಗದ ಜಂತೆ, ಒಂದೂವರೆ ಅಡಿಗೆ ಒಂದು. ಅದರ ಮೇಲೆ ತೆಳುವಾದ ತಾರಸಿ ಇಟ್ಟಿಗೆಗಳನ್ನ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ, ಮೂಲೆಯಿಂದ ಶುರುಮಾಡಿ ಓರೆಯಾಗಿ ಜೋಡಿಸಿಕೊಂಡು ಹೋಗ್ತಾರೆ. ಪ್ರತಿ ಸಾಲು ಹಿಂದಿನ ಸಾಲಿಗೆ ಅಂಟಿಕೊಂಡು ನಿಲ್ಲುತ್ತೆ. ಹಾಗಾಗಿ ಕೆಳಗೆ ಸೆಂಟ್ರಿಂಗ್ ಬೇಕಾಗಿಲ್ಲ. ಆಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಒಂದು ಪದರ ಹಾಕಿ, ಮರದ ಕೊಡತಿಯಿಂದ ದಿನಗಟ್ಟಲೆ ಬಡೀತಾರೆ. ಬಡಿಯುವಾಗ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುವ ಪದ್ಧತಿ ಇತ್ತು. ಕೊನೆಗೆ ಮೇಲೆ ಚಪ್ಪಟೆ ಬಿಲ್ಲೆ.

ಇದನ್ನೆಲ್ಲ ನಮಗೆ ವಿವರಿಸಿದ್ದು ಪುಸ್ತಕ ಅಲ್ಲ, ಕೆಡವುವ ಕಂಟ್ರಾಕ್ಟ್ ತಗೊಂಡಿದ್ದ ಹಿರಿಯ ಮೇಸ್ತ್ರಿ. ನಾನು ಜಾಯಿಸ್ಟ್ ಅಂದೆ, ಅವರು ಜಂತೆ ಅಂದರು. ನಾನು ಬೀಮ್ ಅಂದೆ, ಅವರು ತೊಲೆ ಅಂದರು. ಗೋಡೆಯಲ್ಲಿದ್ದ ನಿಶ್ ಅವರಿಗೆ ಗೂಡು, ಲಾಫ್ಟ್ ಅಟ್ಟ. ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದ ನನ್ನಂಥವರಿಗೆ ಈ ಪದಗಳು ಸಿಗೋ ಜಾಗ ಕ್ಲಾಸ್‌ರೂಮ್ ಅಲ್ಲ. ಮೇಲೆ ಕೈ ತೋರಿಸಿ "ಇದಕ್ಕೇನಂತಾರೆ?" ಅಂತ ಕೇಳೋಕೆ ಒಂದು ಜಂತೆ ಕಣ್ಣೆದುರಿಗೆ ಇರಬೇಕು. ಕಟ್ಟಡದ ಜೊತೆ ಆ ಪದಗಳೂ ಬಳಕೆಯಿಂದ ಹೋಗ್ತವೆ. ಕನ್ನಡ ಸಂಘದವರಾದ ನಮಗೆ ಇದು ಬೇರೆಯವರಿಗಿಂತ ಜಾಸ್ತಿ ಸಂಬಂಧಪಟ್ಟ ವಿಷಯ.

5. ನಾಲ್ಕನೇ ಪಾಠ: ಗೋಡೆಯೇ ದಾಖಲೆ

ಅಂಗಡಿ ಯಾವಾಗ ಕಟ್ಟಿದ್ದು? ಮನೆಯವರ ಹತ್ತಿರ ಪ್ಲಾನ್ ಇರಲಿಲ್ಲ. ಮುಂಭಾಗದಲ್ಲಿ ಇಸವಿ ಬರೆದಿರಲಿಲ್ಲ. "ನಮ್ಮಪ್ಪನ ಕಾಲದ್ದು" ಅನ್ನೋದೊಂದೇ ಉತ್ತರ.

ಉತ್ತರ ಸಿಕ್ಕಿದ್ದು ಎಣ್ಣೆ ಡಬ್ಬಗಳ ಕಪಾಟಿನ ಹಿಂದೆ. ಆ ಕಪಾಟಿನ ಅಂತರ ಸರಿಯಾಗಿ 15 ಇಂಚು. ಚೌಕಾಕಾರದ ಎಣ್ಣೆ ಡಬ್ಬ ಸುಮಾರು 14 ಇಂಚು ಎತ್ತರ, ಕೈ ತೂರಿಸೋಕೆ ಒಂದು ಇಂಚು ಬಿಟ್ಟಿದ್ದಾರೆ. ಕಪಾಟು ಕಿತ್ತಾಗ ಸುಣ್ಣ ಬಳಿಯದೇ ಉಳಿದಿದ್ದ ಗೋಡೆ ಕಾಣಿಸ್ತು. ಅದರ ಮೇಲೆ ಪೆನ್ಸಿಲ್‌ನಲ್ಲಿ ಒಂದು ಪಟ್ಟಿ:

1 ಆಣೆ – 6
2 ಆಣೆ – 12
3 ಆಣೆ – 19
4 ಆಣೆ – 25

ಇದು ಏನು ಅಂತ ಅರ್ಥವಾಗೋಕೆ ಸ್ವಲ್ಪ ಇತಿಹಾಸ ಬೇಕು. 1957ರ ಏಪ್ರಿಲ್ 1ರವರೆಗೆ ನಮ್ಮ ರೂಪಾಯಿಗೆ 16 ಆಣೆ. ಆ ದಿನದಿಂದ ರೂಪಾಯಿಗೆ 100 ನಯಾ ಪೈಸೆ. ಕೆಲವು ವರ್ಷ ಎರಡೂ ನಾಣ್ಯಗಳು ಒಟ್ಟಿಗೆ ಓಡಾಡಿದವು. 1964ರಲ್ಲಿ 'ನಯಾ' ಬಿಟ್ಟು ಬರೀ ಪೈಸೆ ಆಯ್ತು. 100ನ್ನ 16ರಿಂದ ಭಾಗಿಸಿದರೆ ಆಣೆಗೆ 6.25 ಪೈಸೆ. ಕಾಲು ಪೈಸೆ ಯಾರ ಹತ್ತಿರ ಇರುತ್ತೆ? ಅದಕ್ಕೇ ನಿಯಮ: ಅರ್ಧ ಅಥವಾ ಅದಕ್ಕಿಂತ ಕಡಿಮೆ ಬಂದರೆ ಬಿಡು, ಜಾಸ್ತಿ ಬಂದರೆ ಒಂದು ಸೇರಿಸು. 12.5 ಆಗಿದ್ದು 12, 18.75 ಆಗಿದ್ದು 19. ನಮಗೆ ಮೊದಲನೇ ಸೆಮಿಸ್ಟರ್‌ನಲ್ಲಿ ಕಲಿಸಿದ ರೌಂಡಿಂಗ್ ಎರರ್ ಇದೇ. ಒಂದೊಂದೇ ಆಣೆಯ ಸಾಮಾನನ್ನ ನಾಲ್ಕು ಸಲ ತಂದರೆ 24 ಪೈಸೆ, ನಾಲ್ಕಾಣೆಯದ್ದನ್ನ ಒಂದೇ ಸಲ ತಂದರೆ 25. ಬಡವರು ದಿನದಿನಕ್ಕೆ ತರ್ತಾರೆ, ಹಾಗಾಗಿ ಈ ಒಂದು ಪೈಸೆ ಅವರ ಕಡೆಗೇ ಉಳಿಯಿತು. ಮೂರಾಣೆಯ ಸಾಮಾನು ತಂದರೆ ಮಾತ್ರ ಕಾಲು ಪೈಸೆ ಅಂಗಡಿಗೆ.

ಈ ಪಟ್ಟಿಯಿಂದ ನಾವು ಎರಡು ತೀರ್ಮಾನಕ್ಕೆ ಬರಬಹುದು. ಆಣೆ ಮತ್ತು ನಯಾ ಪೈಸೆ ಎರಡೂ ಚಲಾವಣೆಯಲ್ಲಿದ್ದ ಆ ಕೆಲವೇ ವರ್ಷಗಳಲ್ಲಿ ಈ ಗೋಡೆ ಆಗಲೇ ನಿಂತಿತ್ತು. ಕಪಾಟು ಬಂದಿದ್ದು ಅದರ ನಂತರ. ರಿಜಿಸ್ಟ್ರಾರ್ ಕಚೇರಿಗೆ ಹೋಗದೇ ಕಟ್ಟಡದ ವಯಸ್ಸು ಹಿಡಿಯೋದು ಅಂದರೆ ಇದೇ.

ಅದೇ ಹೊತ್ತಿಗೆ ತೂಕವೂ ಬದಲಾಯ್ತು. 1956ರಲ್ಲಿ ತೂಕ ಮತ್ತು ಅಳತೆಯ ಹೊಸ ಕಾಯ್ದೆ ಬಂತು, 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತಹಂತವಾಗಿ ಒಳಗೆ ಬಂತು. ಅದಕ್ಕೂ ಮುಂಚೆ ಸೇರು, ಅರ್ಧ ಸೇರಿಗೆ ಅಚ್ಚೇರು, ಕಾಲು ಸೇರಿಗೆ ಪಾವು, ಪಾವಿನ ಕಾಲಿಗೆ ಚಟಾಕು. ನಮ್ಮ ಮನೆಯಲ್ಲಿ ಇವತ್ತಿಗೂ ಅನ್ನಕ್ಕೆ ಅಕ್ಕಿ ಅಳೆಯೋದು ಪಾವಿನಲ್ಲೇ. ಒಂದೇ ಅಂಗಡಿ, ಎರಡು ಮೂರು ವರ್ಷದೊಳಗೆ ದುಡ್ಡೂ ಬದಲು, ತೂಕವೂ ಬದಲು. ಗಿರಾಕಿಗೆ ಅದನ್ನ ಅರ್ಥ ಮಾಡಿಸಿದ್ದು ದೆಹಲಿಯ ಗೆಜೆಟ್ ಅಲ್ಲ, ಕೌಂಟರ್ ಹಿಂದೆ ಪೆನ್ಸಿಲ್ ಹಿಡಿದು ನಿಂತಿದ್ದ ಮನುಷ್ಯ.

ಟೇಪ್ ಹಿಡಿದು ಓಡಾಡ್ತಿದ್ದ ನಮ್ಮನ್ನ ನೋಡಿ ಈಗಿನ ಶೆಟ್ರು ತಾತ ಕೇಳಿದ್ರು, "ಏನ್ ಮರಿ, ಇದರ ಅಳತೆ ತಗೊಂಡು ಏನ್ ಮಾಡ್ತೀಯಾ?"

"ಡ್ರಾಯಿಂಗ್ ಮಾಡ್ತೀನಿ ತಾತ."

"ಮಾಡು ಮಾಡು. ಐವತ್ತು ವರ್ಷದಿಂದ ಇಲ್ಲಿ ಅಳೆದವನು ನಾನೊಬ್ಬನೇ. ಈ ಅಂಗಡೀನೇ ಯಾರೂ ಅಳೆದಿರಲಿಲ್ಲ."

6. ಐದನೇ ಪಾಠ: ಕೆಡವಿದ್ದರ ಲೆಕ್ಕ

ಈಗ ಸ್ವಲ್ಪ ಕ್ಯಾಲ್ಕುಲೇಟರ್. ಗೋಡೆಗಳ ಒಟ್ಟು ಉದ್ದ ಸುಮಾರು 64 ಅಡಿ, ಎತ್ತರ 10.5 ಅಡಿ, ದಪ್ಪ 13.5 ಇಂಚು. ಬಾಗಿಲುಗಳನ್ನ ಕಳೆದರೆ ಸುಮಾರು 660 ಘನ ಅಡಿ, ಅಂದರೆ 18ರಿಂದ 19 ಘನ ಮೀಟರ್. ಘನ ಮೀಟರಿಗೆ 500 ಇಟ್ಟಿಗೆ ಅಂತ ಹಿಡಿದರೆ ಒಟ್ಟು 9,000ದ ಆಸುಪಾಸು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಸುಟ್ಟ ಇಟ್ಟಿಗೆ ತಯಾರಿಸೋಕೆ ಸುಮಾರು 4.25 ಮೆಗಾಜೂಲ್ ಶಕ್ತಿ ಬೇಕು. ಅದು ಈಚಿನ ಇಟ್ಟಿಗೆಯ ಅಂಕಿ, ಹಳೇ ಇಟ್ಟಿಗೆಗೆ ಅಂದಾಜಾಗಿ ಬಳಸಬಹುದು. 9,000 ಇಟ್ಟಿಗೆಗೆ ಸುಮಾರು 38,000 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 34 ಮೆಗಾಜೂಲ್ ಇರುತ್ತೆ. ಹಾಗಾದರೆ ಆ ನಾಲ್ಕು ಗೋಡೆಗಳಲ್ಲಿ ಕೂತಿದ್ದು 1,100 ಲೀಟರ್ ಪೆಟ್ರೋಲಿನಷ್ಟು ಶಕ್ತಿ. ಅದೇ ಅಧ್ಯಯನದಲ್ಲಿ ಭಾರ ಹೊರುವ ಇಟ್ಟಿಗೆ ಗೋಡೆಯ ಎರಡು ಅಂತಸ್ತಿನ ಕಟ್ಟಡಕ್ಕೆ ಚದರ ಮೀಟರಿಗೆ 2.92 ಗಿಗಾಜೂಲ್, ಬಹುಮಹಡಿ ಕಾಂಕ್ರೀಟ್ ಫ್ರೇಮ್ ಕಟ್ಟಡಕ್ಕೆ 4.21 ಗಿಗಾಜೂಲ್ ಅಂತ ಇದೆ. ಹಳೇದನ್ನ ಎಸೆದು ಹೊಸದನ್ನ ಕಟ್ಟುವಾಗ ಎರಡೂ ಲೆಕ್ಕಕ್ಕೆ ಬರಬೇಕು. ನಮ್ಮ ಎಸ್ಟಿಮೇಷನ್ ಕ್ಲಾಸಿನಲ್ಲಿ ಎರಡನೆಯದು ಮಾತ್ರ ಬರುತ್ತೆ.

ಸುಣ್ಣದ ಗಾರೆಯ ಒಂದು ಗುಣ ಇಲ್ಲಿ ಮುಖ್ಯ. ಅದರಲ್ಲಿ ಕಟ್ಟಿದ ಇಟ್ಟಿಗೆಯನ್ನ ಕರಣೆಯಿಂದ ತಟ್ಟಿದರೆ ಬಿಟ್ಟುಕೊಳ್ಳುತ್ತೆ, ಕೆರೆದು ಮತ್ತೆ ಬಳಸಬಹುದು. ಸಿಮೆಂಟ್ ಗಾರೆಯಲ್ಲಿ ಇಟ್ಟಿಗೆಯೇ ಒಡೆಯುತ್ತೆ. ಆದರೆ ಕೈಯಿಂದ ಬಿಚ್ಚೋಕೆ ವಾರ ಬೇಕು, ಜೆಸಿಬಿಗೆ ಒಂದು ಬೆಳಿಗ್ಗೆ ಸಾಕು. ನಮ್ಮ ಬೀದಿಯಲ್ಲಿ ತೇಗದ ಜಂತೆ, ಹಲಗೆಗಳನ್ನ ಹಳೇ ಮರದ ವ್ಯಾಪಾರಿ ಮೊದಲೇ ಬಿಚ್ಚಿ ಒಯ್ದರು. ಉಳಿದ ಇಟ್ಟಿಗೆ, ಗಾರೆ, ಪೆನ್ಸಿಲ್ ಪಟ್ಟಿ ಎಲ್ಲ ಒಂದೇ ರಾಶಿ ಆಯ್ತು.

ಆ ರಾಶಿ ಎಷ್ಟು ಭಾರ? ಗೋಡೆ, ತಾರಸಿ ಸೇರಿ ನಮ್ಮ ಲೆಕ್ಕಕ್ಕೆ ಸುಮಾರು 40 ಟನ್. 2016ರ ಕಟ್ಟಡ ಮತ್ತು ಕೆಡವುವಿಕೆ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದು ಏನೆಂದರೆ, ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಒಂದು ಯೋಜನೆಯಲ್ಲಿ 300 ಟನ್‌ಗಿಂತ ಜಾಸ್ತಿ ತ್ಯಾಜ್ಯ ಬರುವುದಾದರೆ ಅದನ್ನ ವಿಂಗಡಿಸಬೇಕು, ಕೆಡವೋ ಮುಂಚೆ ಯೋಜನೆ ಸಲ್ಲಿಸಿ ಅನುಮತಿ ಪಡೀಬೇಕು ಅಂತ. ಇಂಥ ನಿಯಮ ದೊಡ್ಡ ಮಾಲ್‌ಗಳಿಗೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಆದರೆ 12 ಅಡಿ ಅಗಲದ ಒಂದು ಅಂಗಡಿ ಒಂದೇ ದಿನದಲ್ಲಿ ಬಿದ್ದರೆ ಅದೂ ಆ 20 ಟನ್‌ನ ಗಡಿ ದಾಟುತ್ತೆ. ಅಳತೆ ತೆಗೆದಿದ್ದರಿಂದಲೇ ಇದು ಹೇಳೋಕೆ ಆಯ್ತು. ಬರೀ ಬೇಜಾರು ಮಾಡಿಕೊಂಡಿದ್ದರೆ ಈ ಅಂಕಿ ಬರ್ತಿರಲಿಲ್ಲ.

7. ನೀವು ಮಾಡೋದು ಹೇಗೆ

ನಿಮ್ಮ ಊರಿನಲ್ಲೂ ಇಂಥ ಒಂದು ಅಂಗಡಿ ಇದ್ದೇ ಇರುತ್ತೆ. ಕ್ರಮ ಹೀಗಿರಲಿ:

ಮೊದಲು ಕೇಳಿ. ಮಾಲೀಕರನ್ನೂ, ಬಾಡಿಗೆಗೆ ಇರೋರನ್ನೂ. ಅಳತೆ ಅಂದ ಕೂಡಲೇ ಜನ ಕಾರ್ಪೊರೇಷನ್‌ನವರು ಅಂದ್ಕೊಂಡು ಗಾಬರಿಯಾಗ್ತಾರೆ. ಕಾಲೇಜ್ ಐಡಿ ತೋರಿಸಿ, ವ್ಯಾಪಾರ ಕಡಿಮೆ ಇರೋ ಹೊತ್ತಿಗೆ ಹೋಗಿ.

ಮೊದಲ ಸಂಜೆ ಕೈಯಲ್ಲೇ ಸ್ಕೆಚ್ ಹಾಕಿ, ಆಮೇಲೆ ಅಂಕಿ ತುಂಬಿಸಿ. ಒಬ್ಬರು ಟೇಪ್ ಹಿಡೀಲಿ, ಒಬ್ಬರು ಓದಲಿ, ಒಬ್ಬರು ಬರೀಲಿ. ಟೇಪನ್ನ ಒಂದು ಮೂಲೆಯಲ್ಲಿ ಸೊನ್ನೆಗೆ ಇಟ್ಟು ಬಾಗಿಲು, ಗೂಡು, ಕಂಬ ಎಲ್ಲದರ ದೂರವನ್ನ ಅಲ್ಲಿಂದಲೇ ಓದಿ. ತುಂಡುತುಂಡಾಗಿ ಅಳೆದು ಕೂಡಿಸಿದರೆ ತಪ್ಪೂ ಕೂಡುತ್ತಾ ಹೋಗುತ್ತೆ. ಎರಡೂ ಕರ್ಣ ಮರೀಬೇಡಿ.

ಎರಡನೇ ಸಂಜೆ ಸೆಕ್ಷನ್. ಜಗಲಿ, ನೆಲ, ಕೌಂಟರ್, ಅಟ್ಟ, ಜಂತೆ ಒಂದೊಂದರ ಎತ್ತರ ಬೇಕು. ಗೋಡೆ ದಪ್ಪ ಬಾಗಿಲ ಹತ್ತಿರ ಸುಲಭವಾಗಿ ಸಿಗುತ್ತೆ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ.

ಪ್ರತಿ ಭಾಗಕ್ಕೂ ಅಲ್ಲಿಯವರು ಬಳಸುವ ಪದ ಕೇಳಿ, ಡ್ರಾಯಿಂಗ್ ಮೇಲೆ ಅದನ್ನೇ ಬರೆಯಿರಿ. ಧಾರವಾಡದ ಕಡೆ, ಮಂಗಳೂರಿನ ಕಡೆ ಪದವೂ ಬೇರೆ ಇರುತ್ತೆ, ಮಾಡೂ ಬೇರೆ ಇರುತ್ತೆ.

ಕೊನೆಗೆ, ಒಂದು ಪ್ರಿಂಟ್ ಅಂಗಡಿಯವರಿಗೇ ಕೊಡಿ. ನಮ್ಮ ಪ್ಲಾನನ್ನ ಶೆಟ್ರು ಮನೆಯ ಹಾಲ್‌ನಲ್ಲಿ ಫ್ರೇಮ್ ಹಾಕಿಸಿದ್ದಾರೆ, ಆಣೆ-ಪೈಸೆ ಪಟ್ಟಿಯ ಫೋಟೋ ಅದರ ಪಕ್ಕ. ಇನ್ನೊಂದು ಪ್ರಯೋಜನ ನಾವು ಎಣಿಸದೇ ಇದ್ದದ್ದು. ಅವರ ಮಗ ಹೊಸ ಕಟ್ಟಡದ ಇಂಜಿನಿಯರ್‌ಗೆ ಆ ಸೆಕ್ಷನ್ ತೋರಿಸಿ, ರ‍್ಯಾಂಪ್ ಪಕ್ಕ 18 ಇಂಚು ಎತ್ತರದ ಒಂದು ಕಟ್ಟೆ ಹಾಕೋಕೆ ಆಗುತ್ತಾ ಅಂತ ಕೇಳಿದ್ದಾರೆ. ಎರಡು ಅಡಿ ಜಾಗ ಸಿಗಬಹುದು ಅಂತ ಉತ್ತರ ಬಂದಿದೆಯಂತೆ. ಆಗುತ್ತೋ ಇಲ್ಲವೋ, ಕೇಳೋಕೆ ಅವರ ಕೈಯಲ್ಲಿ ಒಂದು ಅಂಕಿ ಇತ್ತು.

ಮುಂದಿನ ಸಂಚಿಕೆಗೆ ನಿಮ್ಮ ಊರಿನ ಒಂದು ಅಂಗಡಿಯನ್ನ ಒಂದೇ ಎ3 ಹಾಳೆಯಲ್ಲಿ ಕಳಿಸಿ: ಪ್ಲಾನ್, ಸೆಕ್ಷನ್, ಐದು ಪದಗಳು. ಬ್ರಾಂಚ್ ಯಾವುದಾದರೂ ಪರವಾಗಿಲ್ಲ, ಟೇಪ್ ಓದೋಕೆ ಬಂದರೆ ಸಾಕು. ಆದರೆ ತಡ ಮಾಡಬೇಡಿ. ಜೆಸಿಬಿ ಬರೋ ದಿನ ಮೊದಲೇ ಹೇಳಿ ಬರಲ್ಲ.